ಬೇಸಿಗೆಯಲ್ಲಿ ಮನೆಯನ್ನು ತಂಪಾಗಿ ಇಟ್ಟುಕೊಳ್ಳುವ ಬಗೆ

ಕಾದು ಕುಳಿತ ಮನೆಯನ್ನು ತಣಿಸಲು ಪಡುವ ಪಾಡಿಗಿಂತ ಅದು ಕಾಯದಂತೆ ನೋಡಿಕೊಳ್ಳುವ ಕೆಲಸ ಎಷ್ಟೋ ಹಗುರ. ಗೋಡೆ, ಚಾವಣಿ, ನೆಲ, ಮಂಚ, ಬೀರು ಎಲ್ಲವೂ ಒಮ್ಮೆ ಬಿಸಿಯಾದವೆಂದರೆ, ಕೋಣೆಯ ಗಾಳಿಯನ್ನು ಎಷ್ಟು ಸಲ ಬದಲಿಸಿದರೂ ಅವು ತಮ್ಮೊಳಗೆ ಹಿಡಿದಿಟ್ಟ ಕಾವನ್ನು ಗಂಟೆಗಟ್ಟಲೆ ಬಿಡುತ್ತಲೇ ಇರುತ್ತವೆ. ಆದ್ದರಿಂದ ಇಲ್ಲಿ ಹೇಳಿರುವ ಉಪಾಯಗಳಿಗೆ ಒಂದು ಕ್ರಮವಿದೆ. ಬಿಸಿಲನ್ನು ಹೊರಗೇ ತಡೆಯುವುದು ಮೊದಲ ಕೆಲಸ; ಹೊತ್ತು ನೋಡಿ ಹೊರಗಿನ ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುವುದು ಎರಡನೆಯದು; ಫ್ಯಾನು, ಕೂಲರು, ಎಸಿಗಳ ಸರದಿ ಇವೆರಡೂ ಆದ ಮೇಲೆ. ಈ ಕ್ರಮವನ್ನು ತಲೆಕೆಳಗು ಮಾಡಿದ ಮನೆಯಲ್ಲಿ ವಿದ್ಯುತ್ತಿನ ಬಿಲ್ಲು ಏರುತ್ತದೆಯೇ ಹೊರತು ಸೆಕೆ ಇಳಿಯುವುದಿಲ್ಲ.

ಕಾವು ಬರುವ ದಾರಿ

ಮನೆಯೊಳಗೆ ಕಾವು ಸೇರುವುದು ಮುಖ್ಯವಾಗಿ ಕಿಟಕಿಯ ಗಾಜನ್ನು ಹಾದು ಬರುವ ಬಿಸಿಲಿನಿಂದ, ಕಾದ ಚಾವಣಿ ಮತ್ತು ಗೋಡೆಗಳಿಂದ, ಸಂದಿಗೊಂದಿಗಳಲ್ಲಿ ನುಗ್ಗುವ ಬಿಸಿಗಾಳಿಯಿಂದ ಮತ್ತು ನಾವೇ ಒಳಗೆ ಹುಟ್ಟಿಸುವ ಶಾಖದಿಂದ. ಇವುಗಳಲ್ಲಿ ಯಾವುದರ ಪಾಲು ಹೆಚ್ಚೆಂಬುದು ಮನೆಯಿಂದ ಮನೆಗೆ ಬೇರೆಯಾಗಿರುತ್ತದೆ. ಬಹುಮಹಡಿ ಕಟ್ಟಡದ ನಡುವಿನ ಅಂತಸ್ತಿನಲ್ಲಿರುವವರಿಗೆ ಚಾವಣಿಯ ಚಿಂತೆಯಿಲ್ಲ, ಪಡುವಣ ಕಿಟಕಿಯದೇ ಕಾಟ; ಒಂದೇ ಅಂತಸ್ತಿನ ಮನೆಯವರಿಗೂ ಕಟ್ಟಡದ ತುದಿಯ ಮಹಡಿಯವರಿಗೂ ಚಾವಣಿಯೇ ಎಲ್ಲಕ್ಕಿಂತ ದೊಡ್ಡ ತೊಂದರೆ. ಇದನ್ನು ತಿಳಿದುಕೊಳ್ಳದೆ ಯಾರೋ ಹೇಳಿದರೆಂದು ಖರ್ಚಿಗೆ ಇಳಿಯುವುದು ಸರಿಯಲ್ಲ.

ತಿಳಿದುಕೊಳ್ಳಲು ಅಂಗೈ ಸಾಕು. ಬಿಸಿಲು ಚೆನ್ನಾಗಿರುವ ಒಂದು ದಿನ ಬೆಳಗ್ಗೆ ಹತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ಮತ್ತು ರಾತ್ರಿ ಒಂಬತ್ತಕ್ಕೆ ಪ್ರತಿಯೊಂದು ಕೋಣೆಯ ಗೋಡೆಗಳ ಒಳಮೈಯನ್ನು ಮುಟ್ಟಿ ನೋಡಿ. ಫ್ಯಾನು ನಿಲ್ಲಿಸಿ, ಭದ್ರವಾದ ಏಣಿ ಹತ್ತಿ, ಚಾವಣಿಗೂ ಕೈ ತಾಗಿಸಿ. ಬೆಳಗ್ಗೆ ಮೂಡಣ ಗೋಡೆ ಬೆಚ್ಚಗಿರುವುದೂ ಸಂಜೆಯ ಮೇಲೆ ಪಡುವಣ ಗೋಡೆ ಬಿಸಿಯಾಗಿರುವುದೂ ನಿರೀಕ್ಷಿತವೇ. ಕಾಂಕ್ರೀಟಿನ ಚಾವಣಿ ಮಾತ್ರ ಬೇರೆಯ ಲೆಕ್ಕದಲ್ಲಿ ನಡೆಯುತ್ತದೆ. ಸೂರ್ಯ ನೆತ್ತಿಯ ಮೇಲಿದ್ದಾಗ ಅದರ ಒಳಮೈ ಅಷ್ಟೇನೂ ಬಿಸಿಯಾಗಿರುವುದಿಲ್ಲ, ಏಕೆಂದರೆ 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟನ್ನು ದಾಟಿ ಕಾವು ಕೆಳಗಿಳಿಯಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಮಧ್ಯಾಹ್ನ ಮೇಲೆ ಬಿದ್ದ ಬಿಸಿಲು ಮನೆಯವರನ್ನು ಮುಟ್ಟುವುದು ಅವರು ಮಲಗುವ ಹೊತ್ತಿಗೆ. ಹೊರಗೆ ತಂಗಾಳಿ ಸುಳಿಯುತ್ತಿದ್ದರೂ ಮೇಲಿನ ಮಹಡಿಯ ಕೋಣೆ ನಡುರಾತ್ರಿಯವರೆಗೆ ಬೇಯುವುದಕ್ಕೆ ಇದೇ ಕಾರಣ. ತಗಡಿನ ಸೂರಿನಲ್ಲಿ ಹೀಗಿಲ್ಲ. ಅದು ಬಿಸಿಲು ಬಿದ್ದ ಕೂಡಲೇ ಕಾಯುತ್ತದೆ, ಬಿಸಿಲು ಸರಿದ ಕೂಡಲೇ ಆರುತ್ತದೆ.

ಅಂಗೈಯ ಜೊತೆಗೆ ಸಾಧಾರಣವಾದ ಎರಡು ಥರ್ಮಾಮೀಟರುಗಳಿದ್ದರೆ ಮುಂದಿನ ಕೆಲಸವೆಲ್ಲ ಸಲೀಸು. ಒಂದನ್ನು ಮನೆಯವರು ಹೆಚ್ಚು ಹೊತ್ತು ಕಳೆಯುವ ಕೋಣೆಯಲ್ಲಿ, ಗೋಡೆಗೆ ತಗುಲದಂತೆ ಇಡಬೇಕು. ಇನ್ನೊಂದನ್ನು ಹೊರಗೆ, ದಿನವಿಡೀ ನೆರಳಿರುವ ಕಡೆ ತೂಗುಹಾಕಬೇಕು. ಬಿಸಿಲಿನಲ್ಲಿಟ್ಟ ಥರ್ಮಾಮೀಟರು ಗಾಳಿಯ ಉಷ್ಣತೆಯನ್ನು ತೋರಿಸುವುದಿಲ್ಲ, ತಾನು ಎಷ್ಟು ಕಾದಿದ್ದೇನೆಂಬುದನ್ನು ಮಾತ್ರ ತೋರಿಸುತ್ತದೆ.

ಕಿಟಕಿಗೆ ನೆರಳು

ತಿಳಿಯಾದ ಆಕಾಶದ ನಡುಹಗಲಿನಲ್ಲಿ ಸೂರ್ಯನಿಗೆ ನೇರವಾಗಿ ಒಡ್ಡಿಕೊಂಡ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 1,000 ವಾಟ್ ಶಕ್ತಿ ಬೀಳುತ್ತದೆ. ಬಣ್ಣವಿಲ್ಲದ ಒಂಟಿ ಗಾಜು ಅದರಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಮಿಗಿಲಾಗಿ ಒಳಗೆ ಬಿಡುತ್ತದೆ. ಇಳಿಬಿಸಿಲು ಇದಕ್ಕಿಂತ ಸೌಮ್ಯವಾದರೂ ಪಡುವಣ ಕಿಟಕಿಗೆ ನೆಟ್ಟಗೆ ಬೀಳುವುದರಿಂದ, ನೆರಳಿಲ್ಲದ ದೊಡ್ಡದೊಂದು ಪಡುವಣ ಕಿಟಕಿಯೆಂದರೆ ಸಂಜೆಯ ಹೊತ್ತು ಕೋಣೆಯಲ್ಲಿ ರೂಮ್ ಹೀಟರ್ ಉರಿಸಿದ ಹಾಗೆಯೇ. ಅದೂ ಮನೆ ದಿನವಿಡೀ ಕಾದು ದಣಿದಿರುವ ಹೊತ್ತಿನಲ್ಲಿ.

ಇದಕ್ಕೆ ಹೆಚ್ಚಿನವರು ಮಾಡುವ ಉಪಾಯ ಒಳಗಿನಿಂದ ದಪ್ಪ ಪರದೆ ಎಳೆಯುವುದು. ಅದರಿಂದ ಬೆಳಕು ನಿಲ್ಲುತ್ತದೆ, ಕಾವು ಅಷ್ಟಾಗಿ ನಿಲ್ಲುವುದಿಲ್ಲ. ಬಿಸಿಲು ಗಾಜನ್ನು ದಾಟಿ ಬಂದು ಪರದೆಯನ್ನು ಕಾಯಿಸುತ್ತದೆ; ಕಾದ ಪರದೆಯಿಂದ ಹೊಮ್ಮುವ ಶಾಖಕ್ಕೆ ಗಾಜಿನ ಮೂಲಕ ಹಿಂದಿರುಗುವ ದಾರಿಯಿಲ್ಲ, ಏಕೆಂದರೆ ಗಾಜು ಬೆಳಕನ್ನು ಹಾಯಗೊಡುವಂತೆ ಆ ಬಗೆಯ ಶಾಖವನ್ನು ಹಾಯಗೊಡುವುದಿಲ್ಲ. ಹೀಗಾಗಿ ಅದು ಕೋಣೆಯಲ್ಲೇ ಉಳಿಯುತ್ತದೆ. ಅದೇ ಪರದೆ ಗಾಜಿನ ಹೊರಗಿದ್ದರೆ ಕಾಯುವುದೂ ಹೊರಗೆ, ಆರುವುದೂ ಹೊರಗೆ. ಬೇಸಿಗೆಗೆಂದು ಒಂದೇ ಒಂದು ಖರ್ಚು ಮಾಡಬಹುದಾದರೆ ಅದನ್ನು ಪಡುವಣ ಕಿಟಕಿಯ ಹೊರಗಿನ ನೆರಳಿಗೆ ಮಾಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಹೊರಗಿನ ನೆರಳಿಗೆ ಬಿದಿರಿನ ತಟ್ಟಿ, ಮರದ ಪಟ್ಟಿಗಳ ಬಾಗಿಲು, ಗಟ್ಟಿ ಬಟ್ಟೆಯ ಪರದೆ, ಹಸಿರುಮನೆಗಳಿಗೆ ಬಳಸುವ ಶೇಡ್ ನೆಟ್, ಯಾವುದಾದರೂ ಆದೀತು. ಕಟ್ಟುವಾಗ ಗಮನಿಸಬೇಕಾದ ಸಂಗತಿಗಳಿವೆ. ತಟ್ಟಿಗೂ ಗಾಜಿಗೂ ನಡುವೆ ಒಂದು ಗೇಣಿನಷ್ಟಾದರೂ ಅಂತರವಿರಬೇಕು. ಆಗ ಅಲ್ಲಿ ಕಾದ ಗಾಳಿ ಮೇಲಕ್ಕೆ ಹರಿದು ಹೋಗುತ್ತದೆ. ತಟ್ಟಿಯ ಅಗಲ ಕಿಟಕಿಯ ಎರಡೂ ಬದಿಗೆ ಒಂದಿಷ್ಟು ಮಿಗುವಂತಿರಬೇಕು, ಇಲ್ಲವಾದರೆ ಓರೆಯಾಗಿ ಬರುವ ಬಿಸಿಲು ಅಂಚಿನಿಂದ ನುಸುಳುತ್ತದೆ. ಕೆಳತುದಿಯನ್ನು ಸಡಿಲ ಬಿಟ್ಟರೆ ಮೊದಲ ಬಿರುಗಾಳಿಗೇ ಅದು ಹರಿಯುತ್ತದೆ. ಮೇಲಿನ ಮಹಡಿಗಳಲ್ಲಿ ಕಳಚಿ ಬಿದ್ದರೆ ಕೆಳಗೆ ನಡೆಯುವವರಿಗೆ ಅಪಾಯವಾದ್ದರಿಂದ ನಾಲ್ಕೂ ಮೂಲೆಯನ್ನು ಬಿಗಿಯಾಗಿ ಕಟ್ಟಿ ಆಗಾಗ ಪರೀಕ್ಷಿಸುತ್ತಿರಬೇಕು.

ಕಿಟಕಿಯ ಮೇಲಿನ ಸಜ್ಜಾ ಎಲ್ಲ ದಿಕ್ಕಿನಲ್ಲೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಎತ್ತರದಲ್ಲಿರುವ ನಡುಹಗಲ ಸೂರ್ಯನನ್ನು ಎರಡಡಿಯ ಸಜ್ಜಾ ಚೆನ್ನಾಗಿಯೇ ಮರೆಮಾಡುತ್ತದೆ. ಬೆಳಗಿನ ಮತ್ತು ಸಂಜೆಯ ಸೂರ್ಯ ದಿಗಂತಕ್ಕೆ ಹತ್ತಿರವಿರುವುದರಿಂದ ಮೂಡಣ ಮತ್ತು ಪಡುವಣ ಕಿಟಕಿಗಳಿಗೆ ಅಡ್ಡಲಾದ ಸಜ್ಜಾ ಎಷ್ಟು ಉದ್ದವಿದ್ದರೂ ಸಾಲದು. ಅಲ್ಲಿ ಎದುರಿಗೆ ಇಳಿಬೀಳುವ ಮರೆಯೇ ಬೇಕು.

ಬಾಡಿಗೆ ಮನೆಯಾದ್ದರಿಂದಲೋ ಕಟ್ಟಡದ ನಿಯಮದಿಂದಲೋ ಹೊರಗೆ ಏನನ್ನೂ ಕಟ್ಟಲಾಗದಿದ್ದರೆ, ಒಳಪರದೆಯನ್ನೇ ಆದಷ್ಟು ಸರಿಯಾಗಿ ಹಾಕಬೇಕು. ಗಾಜಿನ ಕಡೆಗಿರುವ ಅದರ ಮೈ ಬಿಳಿ ಅಥವಾ ಬೆಳ್ಳಿಯ ಬಣ್ಣದ್ದಾಗಿದ್ದರೆ ಬೆಳಕು ಕಾವಾಗಿ ಬದಲಾಗುವ ಮೊದಲೇ ಒಂದಷ್ಟು ಹಿಂದಕ್ಕೆ ಪ್ರತಿಫಲಿಸುತ್ತದೆ. ಪರದೆ ಗಾಜಿಗೆ ಹತ್ತಿರವಿದ್ದು ಮೇಲೂ ಕೆಳಗೂ ಸಂದಿಯಿಲ್ಲದಂತೆ ಮುಚ್ಚಿರಬೇಕು. ಗಾಜಿಗೆ ಅಂಟಿಸುವ ಪ್ರತಿಫಲನದ ಫಿಲ್ಮ್ ಕೂಡ ಉಪಯುಕ್ತವೇ. ಆದರೆ ಎರಡು ಪದರದ ಗಾಜಿಗೆ ಒಳಗಿನಿಂದ ಗಾಢ ಬಣ್ಣದ ಫಿಲ್ಮ್ ಅಂಟಿಸಿದರೆ ಗಾಜು ಅತಿಯಾಗಿ ಕಾದು ಬಿರುಕು ಬಿಡಬಹುದಾದ್ದರಿಂದ ತಿಳಿದವರನ್ನು ಕೇಳಿಯೇ ಹಾಕಿಸಬೇಕು.

ತೆರೆಯುವ ಹೊತ್ತು, ಮುಚ್ಚುವ ಹೊತ್ತು

ಸೆಕೆಯಾದಾಗ ಕಿಟಕಿ ತೆರೆಯುವುದು ಎಲ್ಲರಿಗೂ ಸಹಜವಾಗಿ ಬರುವ ಕ್ರಿಯೆ, ಮತ್ತು ಒಣಹವೆಯ ಮಧ್ಯಾಹ್ನದಲ್ಲಿ ಅದೇ ತಪ್ಪು ಕ್ರಿಯೆ. ಹೊರಗೆ 40 ಡಿಗ್ರಿ, ಒಳಗೆ 33 ಡಿಗ್ರಿ ಸೆಲ್ಸಿಯಸ್ ಇರುವಾಗ ತೆರೆದ ಕಿಟಕಿಯಿಂದ ಬರುವುದು ಗಾಳಿಯಲ್ಲ, ಝಳ. ನಿಯಮ ಸರಳವಾಗಿದೆ: ಹೊರಗಿನ ಥರ್ಮಾಮೀಟರು ಒಳಗಿನದಕ್ಕಿಂತ ಕಡಿಮೆ ತೋರಿಸುವಾಗ ಎಲ್ಲವನ್ನೂ ತೆರೆಯಬೇಕು, ಹೆಚ್ಚು ತೋರಿಸಲು ಆರಂಭಿಸಿದ ಕೂಡಲೇ ಎಲ್ಲವನ್ನೂ ಮುಚ್ಚಬೇಕು. ಸಾಮಾನ್ಯವಾಗಿ ಇದರರ್ಥ ಹೊತ್ತು ಮುಳುಗಿ ಒಂದೆರಡು ಗಂಟೆಯ ಮೇಲೆ ತೆರೆದು, ಬೆಳಗ್ಗೆ ಬಿಸಿಲೇರುವ ಮುನ್ನ ಮುಚ್ಚುವುದು. ನಸುಕಿನ ಹೊತ್ತು ದಿನದಲ್ಲೇ ಅತ್ಯಂತ ತಂಪಾದ ಹೊತ್ತು. ರಾತ್ರಿ ಮಲಗುವಾಗ ಕಿಟಕಿ ಮುಚ್ಚಿ ಬೆಳಗ್ಗೆ ಎದ್ದು ತಡವಾಗಿ ತೆರೆಯುವವರು ಆ ತಂಪನ್ನು ಪೂರ್ತಿ ಕಳೆದುಕೊಳ್ಳುತ್ತಾರೆ.

ರಾತ್ರಿಯಿಡೀ ಗಾಳಿ ಆಡಿಸುವುದರ ಉದ್ದೇಶ ಮಲಗಿದವರಿಗೆ ಹಿತವಾಗಲೆಂಬುದಷ್ಟೇ ಅಲ್ಲ. ಇಟ್ಟಿಗೆ, ಕಲ್ಲು, ಕಾಂಕ್ರೀಟುಗಳ ದಪ್ಪ ಗೋಡೆಗಳು ರಾತ್ರಿ ತಣಿದಷ್ಟೂ ಮರುದಿನ ಮಧ್ಯಾಹ್ನದವರೆಗೆ ಕೋಣೆಯ ಕಾವನ್ನು ತಾವು ಹೀರಿಕೊಳ್ಳುತ್ತವೆ. ಹಗಲು ಕಿಟಕಿ ಮುಚ್ಚಿ ಕಾಪಾಡುವುದು ಈ ತಂಪನ್ನೇ. ತೆಳುಗೋಡೆಯ, ತಗಡು ಅಥವಾ ಹಲಗೆಯ ಮನೆಗಳು ತಂಪನ್ನು ಹೀಗೆ ಹಿಡಿದಿಡಲಾರವು. ಅಲ್ಲಿ ನೆರಳಿಗೇ ಹೆಚ್ಚು ಒತ್ತು ಕೊಡಬೇಕು.

ಈ ನಿಯಮಕ್ಕೆ ದೊಡ್ಡದೊಂದು ಅಪವಾದವಿದೆ. ಕಡಲತೀರದಂಥ ತೇವಭರಿತ ಪ್ರದೇಶಗಳಲ್ಲಿ ಹಗಲಿನ ಮತ್ತು ರಾತ್ರಿಯ ಉಷ್ಣತೆಗೆ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಅಲ್ಲಿ ಕೂಡಿಡಲು ತಂಪೇ ಇಲ್ಲದ ಮೇಲೆ ಮನೆಯನ್ನು ಮುಚ್ಚಿ ಕುಳಿತರೆ ಬೆವರು ಆರದೆ ಜೀವ ಹಿಂಡಿದಂತಾಗುತ್ತದೆ. ನೆರಳಿನ ಬದಿಯ ಕಿಟಕಿಗಳನ್ನು ಹಗಲೂ ತೆರೆದಿಟ್ಟು ಗಾಳಿ ಹಾಯಿಸುವುದೇ ಲೇಸು. ಒಳಗೆ ಅಡುಗೆಯ ಒಲೆ ಉರಿಯುತ್ತಿದ್ದರೆ, ಅಥವಾ ಚಿಕ್ಕ ಕೋಣೆಯಲ್ಲಿ ಹಲವರಿದ್ದರೆ, ಎಲ್ಲಿಯಾದರೂ ಸರಿ, ಪೂರ್ತಿ ಮುಚ್ಚಕೂಡದು.

ಗಾಳಿ ಹಾಯಬೇಕಾದರೆ ಬರಲು ಒಂದು ದಾರಿ, ಹೋಗಲು ಒಂದು ದಾರಿ ಬೇಕು. ಒಂದೇ ಗೋಡೆಯಲ್ಲಿ ಎರಡು ಕಿಟಕಿ ತೆರೆಯುವುದಕ್ಕಿಂತ ಎದುರುಬದುರಿನ ಅಥವಾ ಪಕ್ಕದ ಗೋಡೆಯಲ್ಲಿ ಒಂದೊಂದನ್ನು ತೆರೆದು, ನಡುವಿನ ಬಾಗಿಲುಗಳನ್ನು ಮುಚ್ಚಿಕೊಳ್ಳದಂತೆ ತಡೆಕೊಟ್ಟು ನಿಲ್ಲಿಸುವುದು ಮೇಲು. ಬೆರಳಗಲದ ತೆಳುಕಾಗದದ ಪಟ್ಟಿಯೊಂದನ್ನು ಕಿಟಕಿಯ ಚೌಕಟ್ಟಿನಲ್ಲಿ ಹಿಡಿದು ನೋಡಿದರೆ ಗಾಳಿ ಒಳಗೆ ಬರುತ್ತಿದೆಯೋ ಹೊರಗೆ ಹೋಗುತ್ತಿದೆಯೋ ಥಟ್ಟನೆ ತಿಳಿಯುತ್ತದೆ. ಪಟ್ಟಿ ಅಲುಗದೆ ನೇತಾಡುತ್ತಿದ್ದರೆ ಮನೆಯೊಳಗೆ ಎಲ್ಲೋ ದಾರಿ ಕಟ್ಟಿದೆ ಎಂದರ್ಥ. ಒಳಬಾಗಿಲೊಂದನ್ನು ತೆರೆದ ಮರುಕ್ಷಣ ಅದೇ ಪಟ್ಟಿ ಬಾಗುವುದನ್ನು ಕಾಣಬಹುದು. ಬರುವ ದಾರಿ ಚಿಕ್ಕದಾಗಿ ಹೋಗುವ ದಾರಿ ದೊಡ್ಡದಾಗಿದ್ದರೆ ಬರುವ ಕಡೆ ಗಾಳಿಯ ವೇಗ ಹೆಚ್ಚುತ್ತದೆ. ಹೊರಗೆ ಗಾಳಿಯೇ ಆಡದ ರಾತ್ರಿಗಳಲ್ಲಿ ಬಿಸಿಗಾಳಿ ಮೇಲೇರುವ ಗುಣವನ್ನು ಬಳಸಿಕೊಳ್ಳಬೇಕು: ಕೆಳಗಿನ ಕಿಟಕಿಗಳನ್ನೂ, ಮೇಲಿನ ಗವಾಕ್ಷಿ ಅಥವಾ ಮೆಟ್ಟಿಲ ತುದಿಯ ತಾರಸಿ ಬಾಗಿಲನ್ನೂ ಒಟ್ಟಿಗೆ ತೆರೆದರೆ ಕಾದ ಗಾಳಿ ಮೇಲಿನಿಂದ ಹೊರಟು ಕೆಳಗಿನಿಂದ ತಂಪುಗಾಳಿ ಸೇರುತ್ತದೆ. ಮೇಜಿನ ಫ್ಯಾನೊಂದನ್ನು ಹೋಗುವ ಕಿಟಕಿಯಲ್ಲಿ ಹೊರಮುಖವಾಗಿ ಇಟ್ಟರೆ ಈ ಕೆಲಸ ಇನ್ನೂ ಚುರುಕಾಗುತ್ತದೆ.

ಸೊಳ್ಳೆ ಪರದೆಯ ಜಾಲರಿಯನ್ನು ಬೇಸಿಗೆಗೆ ಮೊದಲು ತೊಳೆಯುವುದನ್ನು ಮರೆಯಬಾರದು. ಜಾಲರಿ ಶುಚಿಯಾಗಿದ್ದಾಗಲೇ ಗಾಳಿಯನ್ನು ತಕ್ಕಮಟ್ಟಿಗೆ ತಡೆಯುತ್ತದೆ. ವರ್ಷದ ಧೂಳು ಕುಳಿತ ಜಾಲರಿಯಿರುವ ಕಿಟಕಿಯನ್ನು ತೆರೆದರೂ ಅರ್ಧ ಮುಚ್ಚಿದಂತೆಯೇ.

ಚಾವಣಿ

ಬೇಸಿಗೆಯ ಸೂರ್ಯ ನೆತ್ತಿಯ ಸಮೀಪ ಹಾಯುವ ಪ್ರದೇಶಗಳಲ್ಲಿ ಮನೆಯ ಯಾವ ಗೋಡೆಗಿಂತಲೂ ಹೆಚ್ಚು ಬಿಸಿಲು ಬೀಳುವುದು ಚಾವಣಿಯ ಮೇಲೆ. ಆದ್ದರಿಂದ ಮೇಲಂತಸ್ತಿನವರು ಹಣವನ್ನೂ ಶ್ರಮವನ್ನೂ ಮೊದಲು ಇಲ್ಲಿ ಹಾಕಬೇಕು.

ಎಲ್ಲಕ್ಕಿಂತ ಕಡಿಮೆ ಖರ್ಚಿನ ಉಪಾಯ ಬಿಳಿ ಬಳಿಯುವುದು. ಕಪ್ಪಾದ ಮೇಲ್ಮೈ ಬಿಸಿಲಿನ ಹತ್ತರಲ್ಲಿ ಎಂಟೊಂಬತ್ತು ಪಾಲನ್ನು ಹೀರಿದರೆ, ಹೊಸದಾಗಿ ಬಳಿದ ಅಚ್ಚಬಿಳಿ ಮೇಲ್ಮೈ ಅಷ್ಟೇ ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಕಡುಬಿಸಿಲಿನಲ್ಲಿ ಕಪ್ಪು ಚಾವಣಿಗೂ ಬಿಳಿ ಚಾವಣಿಗೂ ಹೊರಮೈಯಲ್ಲಿ 20ರಿಂದ 30 ಡಿಗ್ರಿ ಸೆಲ್ಸಿಯಸ್‌ವರೆಗೆ ವ್ಯತ್ಯಾಸ ಬರುವುದುಂಟು. ಬರಿಗಾಲಿನಲ್ಲಿ ಒಂದರ ಮೇಲೆ ನಿಲ್ಲಲಾಗುವುದಿಲ್ಲ, ಇನ್ನೊಂದರ ಮೇಲೆ ನಡೆಯಬಹುದು. ಸುಣ್ಣವನ್ನಾಗಲಿ, ಚಾವಣಿಗೆಂದೇ ತಯಾರಾಗುವ ಪ್ರತಿಫಲನದ ಬಣ್ಣವನ್ನಾಗಲಿ ಬಳಸಬಹುದು. ಸುಣ್ಣ ಅಗ್ಗ, ಆದರೆ ಒಂದೆರಡು ಮಳೆಗಾಲದಲ್ಲಿ ತೊಳೆದುಹೋಗುತ್ತದೆ. ಬಣ್ಣ ದುಬಾರಿ, ಹೆಚ್ಚು ವರ್ಷ ಬಾಳುತ್ತದೆ.

ಬಳಿಯುವ ಮುನ್ನ ತಾರಸಿಯನ್ನು ಗುಡಿಸಿ, ಗಟ್ಟಿ ಬ್ರಷ್ಷಿನಿಂದ ಪಾಚಿ ಉಜ್ಜಿ ತೆಗೆದು, ತೊಳೆದು, ಪೂರ್ತಿ ಒಣಗಲು ಬಿಡಬೇಕು. ಬಿರುಕುಗಳಿದ್ದರೆ ಮೊದಲು ತುಂಬಬೇಕು, ಏಕೆಂದರೆ ಬಳಿದ ಮೇಲೆ ಅವು ಕಣ್ಣಿಗೆ ಬೀಳುವುದಿಲ್ಲ. ಕೆಲಸವನ್ನು ಎಳೆಬಿಸಿಲಿನಲ್ಲಿ ಅಥವಾ ಸಂಜೆ ಮಾಡಬೇಕು. ಕಾದ ಕಾಂಕ್ರೀಟಿನ ಮೇಲೆ ಬಳಿದ ಬಣ್ಣ ಹಿಡಿದುಕೊಳ್ಳುವ ಮೊದಲೇ ಒಣಗಿ ಮುಂದೆ ಸಿಪ್ಪೆಯಾಗಿ ಏಳುತ್ತದೆ. ಒಂದೇ ದಪ್ಪ ಲೇಪಕ್ಕಿಂತ ತೆಳುವಾದ ಎರಡು ಮೂರು ಲೇಪಗಳು ಒಳ್ಳೆಯವು. ಮುಂದಿನ ವರ್ಷ ಮತ್ತೆ ಬಳಿಯದಿದ್ದರೂ ಬೇಸಿಗೆಯ ಆರಂಭದಲ್ಲಿ ಒಮ್ಮೆ ತೊಳೆಯಲೇಬೇಕು, ಏಕೆಂದರೆ ಧೂಳು ಮೆತ್ತಿದ ಬಿಳಿ ಬಿಳಿಯಂತೆ ಕೆಲಸ ಮಾಡುವುದಿಲ್ಲ.

ಎರಡನೆಯ ಉಪಾಯ ಚಾವಣಿಗೇ ನೆರಳು ಮಾಡುವುದು. ಶೇಡ್ ನೆಟ್ ಅನ್ನು ತಾರಸಿಯ ಮೇಲೆ ಹಾಸುವವರಿದ್ದಾರೆ. ಹಾಸಿದ ಬಲೆ ತಾನು ಕಾದು ಆ ಕಾವನ್ನು ಕೆಳಗಿನ ಕಾಂಕ್ರೀಟಿಗೇ ಕೊಡುವುದರಿಂದ ಪ್ರಯೋಜನ ಅಲ್ಪ. ಕಂಬಗಳ ಮೇಲೆ ಎತ್ತರಿಸಿ ಕಟ್ಟಿ, ಕೆಳಗೆ ಗಾಳಿ ಧಾರಾಳವಾಗಿ ಆಡುವಂತೆ ಬಿಟ್ಟರೆ ಮಾತ್ರ ಅದು ನಿಜವಾದ ನೆರಳು. ಸೌರ ಫಲಕಗಳನ್ನು ಹಾಕಿಸಿದವರಿಗೆ ಈ ನೆರಳು ಬಿಟ್ಟಿಯಾಗಿ ಸಿಗುತ್ತದೆ. ಕುಂಡಗಳಲ್ಲಿ ಗಿಡ ಬೆಳೆಸುವುದೂ ಒಳ್ಳೆಯದೇ, ಆದರೆ ಒದ್ದೆ ಮಣ್ಣಿನ ಭಾರವನ್ನು ಚಾವಣಿ ತಾಳಬಲ್ಲುದೇ ಎಂದು ಎಂಜಿನಿಯರ್ ಒಬ್ಬರಿಗೆ ತೋರಿಸಿ, ಕುಂಡಗಳನ್ನು ಕಾಲುಮಣೆಯ ಮೇಲಿಟ್ಟು ತಳದಲ್ಲಿ ನೀರು ನಿಲ್ಲದಂತೆ ಮಾಡಿ ಮುಂದುವರಿಯಬೇಕು.

ಶಾಖನಿರೋಧಕ ಪದರ ಹಾಕಿಸುವ ಅನುಕೂಲವಿದ್ದರೆ ಅದನ್ನು ಕಾಂಕ್ರೀಟಿನ ಮೇಲ್ಗಡೆ ಹಾಕಿಸಿ, ಅದರ ಮೇಲೆ ನೀರು ಇಂಗದ ಹೊದಿಕೆ ಕೊಡಿಸುವುದು ಉತ್ತಮ. ಕೆಳಗಿನಿಂದ ಹಾಕಿದರೂ ಕೋಣೆಗೆ ಕಾವು ಇಳಿಯುವುದು ಕಡಿಮೆಯಾಗುತ್ತದೆ. ಆದರೆ ಕಾಂಕ್ರೀಟು ಮಾತ್ರ ದಿನವೂ ಕಾದು ಆರುತ್ತಾ ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ. ತಗಡಿನ ಸೂರಿಗೆ ಹೊರಗೆ ಬಿಳಿ ಬಣ್ಣ, ಒಳಗೆ ನಿರೋಧಕ ಪದರ ಎರಡೂ ಬೇಕು. ಫಾಲ್ಸ್ ಸೀಲಿಂಗ್ ಹಾಕಿಸುವುದಾದರೆ ಅದರ ಮೇಲ್ಮುಖದಲ್ಲಿ ಹೊಳೆಯುವ ಅಲ್ಯೂಮಿನಿಯಂ ಹಾಳೆ ಇದ್ದು, ಹಾಳೆಗೂ ಚಾವಣಿಗೂ ನಡುವೆ ಖಾಲಿ ಜಾಗ ಇರಲಿ. ಅಂತರವಿಲ್ಲದೆ ಒತ್ತಿ ಅಂಟಿಸಿದ ಹಾಳೆ ಶಾಖವನ್ನು ಪ್ರತಿಫಲಿಸುವುದಿಲ್ಲ.

ತಾರಸಿಗೆ ನೀರು ಹೊಡೆಯುವ ರೂಢಿಯ ಬಗ್ಗೆ ಕೇಳುವವರು ಬಹಳ. ಒಂದು ಲೀಟರ್ ನೀರು ಆವಿಯಾಗುವಾಗ ಹೀರುವ ಶಾಖ ಸುಮಾರು 2,400 ಕಿಲೋಜೂಲ್, ಅಂದರೆ 1,000 ವಾಟ್‌ನ ಹೀಟರು 40 ನಿಮಿಷ ಉರಿದು ಕೊಡುವಷ್ಟು. ಹಾಗಾಗಿ ಉಪಾಯವೇನೋ ಫಲಿಸುತ್ತದೆ. ಆದರೆ ತಂಪು ಬರುವುದು ಆವಿಯಾದ ನೀರಿನಿಂದ, ಹರಿದುಹೋದ ನೀರಿನಿಂದಲ್ಲ. ಪೈಪು ಹಿಡಿದು ತಾರಸಿ ತೊಳೆಯುವುದರ ಬದಲು ಗೋಣಿಚೀಲಗಳನ್ನು ಹರಡಿ ಅವು ನೆನೆಯುವಷ್ಟೇ ಚಿಮುಕಿಸಿದರೆ ಕಡಿಮೆ ನೀರಿನಲ್ಲಿ ಹೆಚ್ಚು ಕೆಲಸವಾಗುತ್ತದೆ. ನೀರಿಗೆ ಬರವಿರುವ ಕಡೆ ಇದನ್ನು ಮಾಡಬಾರದು. ಬಿರುಕುಬಿಟ್ಟ ಚಾವಣಿಯ ಮೇಲೂ ಮಾಡಬಾರದು.

ಮನೆಯ ಸುತ್ತ ಜಾಗವಿರುವವರು ಪಡುವಣ ದಿಕ್ಕಿನಲ್ಲಿ ಒಂದು ಮರ ಬೆಳೆಸಲಿ. ಅದು ದೊಡ್ಡದಾಗುವವರೆಗೆ ಗೋಡೆಯಿಂದ ಒಂದಡಿ ದೂರದಲ್ಲಿ ಚಪ್ಪರದ ಚೌಕಟ್ಟು ನಿಲ್ಲಿಸಿ ಬಳ್ಳಿ ಹಬ್ಬಿಸಬಹುದು. ಅಂಗಳಕ್ಕೆಲ್ಲ ಕಾಂಕ್ರೀಟು ಹಾಕಿಸಿದರೆ ಅದರ ಝಳ ಕಿಟಕಿಗೇ ಬಡಿಯುತ್ತದೆ ಎಂಬುದನ್ನೂ ನೆನಪಿಡಬೇಕು.

ಒಳಗೆ ಹುಟ್ಟುವ ಕಾವು

ಮನೆಯೊಳಗೆ ಉರಿಸಿದ ವಿದ್ಯುತ್ತೆಲ್ಲ ಕೊನೆಗೆ ಕಾವಾಗಿಯೇ ಉಳಿಯುತ್ತದೆ. 60 ವಾಟ್‌ನ ಹಳೆಯ ಬಲ್ಬು ಕೊಡುವ ಬೆಳಕನ್ನು ಎಂಟೊಂಬತ್ತು ವಾಟ್‌ನ ಎಲ್‌ಇಡಿ ಕೊಡುತ್ತದೆ. ಉಳಿದ ಐವತ್ತು ವಾಟ್ ಕೋಣೆಯನ್ನು ಕಾಯಿಸುತ್ತಿತ್ತು, ಅಷ್ಟೆ. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಮೈಯಿಂದಲೂ ಸುಮಾರು 100 ವಾಟ್ ಶಾಖ ಹೊಮ್ಮುತ್ತದೆ. ಬಹಳ ಹೊತ್ತು ಬೇಯಿಸುವ ಅಡುಗೆಯನ್ನು ಬೆಳಗ್ಗೆ ಬೇಗನೆ ಮುಗಿಸಿ, ಪಾತ್ರೆಗೆ ಮುಚ್ಚಳ ಹಾಕಿ, ಎಕ್ಸಾಸ್ಟ್ ಫ್ಯಾನನ್ನು ಅಡುಗೆ ಮುಗಿದ ಮೇಲೂ ಹತ್ತು ನಿಮಿಷ ಓಡಿಸಿದರೆ ಕಾವೂ ಆವಿಯೂ ಹೊರಗೆ ಹೋಗುತ್ತವೆ. ಇಸ್ತ್ರಿಯನ್ನು ನಸುಕಿನಲ್ಲೋ ತಡರಾತ್ರಿಯಲ್ಲೋ ಮಾಡಬೇಕು. ಫ್ರಿಜ್ಜಿನ ಬಾಗಿಲು ತೆರೆದಿಟ್ಟರೆ ಕೋಣೆ ತಂಪಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅದು ಒಳಗಿನಿಂದ ತೆಗೆದ ಕಾವನ್ನೂ ತನ್ನ ಮೋಟರಿನ ಕಾವನ್ನೂ ಸೇರಿಸಿ ಅದೇ ಕೋಣೆಗೆ ಬಿಡುತ್ತದೆ.

ಫ್ಯಾನು, ಕೂಲರು, ಎಸಿ

ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ. ಬೆವರು ಬೇಗ ಆರುವಂತೆ ಮಾಡಿ ಮೈಯನ್ನು ತಂಪು ಮಾಡುತ್ತದೆ. ಆದ್ದರಿಂದ ಯಾರೂ ಇಲ್ಲದ ಕೋಣೆಯಲ್ಲಿ ಅದನ್ನು ಓಡಿಸಿ ಲಾಭವಿಲ್ಲ. ಗಾಳಿ 40 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಫ್ಯಾನು ಮೈಯನ್ನು ಕಾಯಿಸುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ಅಂಥ ಹೊತ್ತಿನಲ್ಲಿ ಬರೀ ಫ್ಯಾನನ್ನು ನಂಬಿ ಕುಳಿತಿರಬಾರದು.

ಏರ್ ಕೂಲರ್ ಕೊಳ್ಳುವ ಮುನ್ನ ನಿಮ್ಮ ಊರಿನ ಹವೆಯನ್ನು ಗಮನಿಸಿ. ಕೂಲರು ಗಾಳಿಯನ್ನು ಎಷ್ಟರ ಮಟ್ಟಿಗೆ ತಂಪು ಮಾಡಬಲ್ಲದೆಂಬುದನ್ನು ನಿರ್ಧರಿಸುವುದು ಆ ಗಾಳಿಯಲ್ಲಿ ಈಗಾಗಲೇ ಇರುವ ತೇವಾಂಶ. 40 ಡಿಗ್ರಿ ಉಷ್ಣತೆ, ಶೇ. 20 ಆರ್ದ್ರತೆ ಇರುವ ಒಣಗಾಳಿಯನ್ನು ನೀರಿನ ಆವಿಯಿಂದ ಇಳಿಸಬಹುದಾದ ಕೊನೆಯ ಮಿತಿ ಸುಮಾರು 23 ಡಿಗ್ರಿ. ಅಲ್ಲಿಯವರೆಗೆ ಹೋಗದಿದ್ದರೂ ಕೂಲರಿನಿಂದ ಗಣನೀಯ ತಂಪು ಸಿಗುತ್ತದೆ. ಅದೇ 33 ಡಿಗ್ರಿ, ಶೇ. 80 ಆರ್ದ್ರತೆಯ ಗಾಳಿಯಲ್ಲಿ ಆ ಮಿತಿ 30 ಡಿಗ್ರಿ. ಅಲ್ಲಿ ಕೂಲರು ಕೋಣೆಗೆ ತೇವವನ್ನು ತುಂಬುತ್ತದೆಯೇ ಹೊರತು ಹಿತವನ್ನು ತರುವುದಿಲ್ಲ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟುವುದಕ್ಕೂ ಇದೇ ಮಾತು ಸಲ್ಲುತ್ತದೆ.

ಕೂಲರನ್ನು ಕಿಟಕಿಯ ಬಳಿ, ಹೊರಗಿನ ಗಾಳಿಯನ್ನು ಎಳೆದುಕೊಳ್ಳುವಂತೆ ಇಡಬೇಕು, ಮತ್ತು ಎದುರಿನ ಕಿಟಕಿಯನ್ನು ಸ್ವಲ್ಪ ತೆರೆದಿಡಬೇಕು. ಮುಚ್ಚಿದ ಕೋಣೆಯಲ್ಲಿ ಅದೇ ಗಾಳಿ ಸುತ್ತಿ ಸುತ್ತಿ ತೇವ ಏರಿ, ಅರ್ಧ ಗಂಟೆಯೊಳಗೆ ಮೈ ಅಂಟಂಟಾಗುತ್ತದೆ. ತೊಟ್ಟಿಯ ನೀರನ್ನು ವಾರಕ್ಕೊಮ್ಮೆಯಾದರೂ ಪೂರ್ತಿ ಚೆಲ್ಲಿ, ತೊಟ್ಟಿಯನ್ನು ಉಜ್ಜಿ ಒಣಗಿಸದಿದ್ದರೆ ಸೊಳ್ಳೆಗಳು ಅಲ್ಲೇ ಮೊಟ್ಟೆಯಿಡುತ್ತವೆ. ಫ್ಯಾನಿನ ಮುಂದೆ ಐಸಿನ ಬಟ್ಟಲು ಇಡುವ ಉಪಾಯ ಎದುರಿಗೆ ಕುಳಿತವರ ಮುಖಕ್ಕೆ ಹಿತವಾದೀತು, ಕೋಣೆಗಲ್ಲ. ಒಂದು ಕಿಲೋ ಐಸು ಕರಗುವಾಗ ಹೀರುವುದು 334 ಕಿಲೋಜೂಲ್ ಮಾತ್ರ, ಅದನ್ನು ಹೆಪ್ಪುಗಟ್ಟಿಸಲು ಫ್ರಿಜ್ಜು ಅದಕ್ಕಿಂತ ಹೆಚ್ಚು ಕಾವನ್ನು ಅದೇ ಮನೆಯೊಳಗೆ ಬಿಟ್ಟಿರುತ್ತದೆ.

ಎಸಿ ಇರುವವರು ಇಡೀ ಮನೆಯನ್ನು ತಣಿಸುವ ಹಟ ಬಿಟ್ಟು, ನೆರಳಿನ ಬದಿಯ ಚಿಕ್ಕ ಕೋಣೆಯೊಂದನ್ನು ಆಯ್ದುಕೊಳ್ಳುವುದು ಜಾಣತನ. ಬಾಗಿಲಡಿಯ ಸಂದಿಯನ್ನು ಬಟ್ಟೆಯ ಸುರುಳಿಯಿಂದ ಮುಚ್ಚಬೇಕು. 18 ಡಿಗ್ರಿಗೆ ಇಟ್ಟರೆ ಕೋಣೆ ಬೇಗ ತಂಪಾಗುತ್ತದೆಂದು ತಿಳಿದವರು ಅನೇಕರು. ಸಾಮಾನ್ಯ ಎಸಿಯಲ್ಲಿ ತಣಿಯುವ ವೇಗ ಬದಲಾಗುವುದಿಲ್ಲ, ಯಂತ್ರ ನಿಲ್ಲದೆ ಓಡುತ್ತದೆ ಅಷ್ಟೆ. 27 ಡಿಗ್ರಿಗೆ ಇಟ್ಟು ಜೊತೆಗೆ ಫ್ಯಾನು ಹಾಕಿಕೊಂಡರೆ ಕೋಣೆ ಇನ್ನೂ 4 ಡಿಗ್ರಿ ತಂಪಾಗಿರುವಂತೆ ಅನಿಸುತ್ತದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೇಸಿಗೆಯಲ್ಲಿ ಫಿಲ್ಟರನ್ನು ಎರಡು ವಾರಕ್ಕೊಮ್ಮೆ ತೊಳೆಯಬೇಕು. ಹೊರಗಿನ ಘಟಕಕ್ಕೆ ನೆರಳಿರಲಿ, ಆದರೆ ಅದು ಬಿಡುವ ಬಿಸಿಗಾಳಿಗೆ ಯಾವುದೂ ಅಡ್ಡವಿರದಿರಲಿ.

ಹೆಚ್ಚು ಜೋಪಾನ ಬೇಕಾದವರು

ಇಷ್ಟೆಲ್ಲ ಮಾಡುವುದು ಹಿತಕ್ಕಾಗಿ ಮಾತ್ರವಲ್ಲ. 1995ರ ಜುಲೈನಲ್ಲಿ ಅಮೆರಿಕದ ಶಿಕಾಗೋ ನಗರವನ್ನು ಬಿಸಿಗಾಳಿ ಆವರಿಸಿದಾಗ ಕೆಲವೇ ದಿನಗಳಲ್ಲಿ 700ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ವಯಸ್ಸಾದವರು, ಒಂಟಿಯಾಗಿದ್ದವರು ಬಹಳ. ಕಟ್ಟಡದ ತುದಿಯ ಅಂತಸ್ತಿನಲ್ಲಿ ವಾಸಿಸುವವರಿಗೆ ಅಪಾಯ ಹೆಚ್ಚಿತ್ತೆಂದು ಅನಂತರದ ಅಧ್ಯಯನದಲ್ಲಿ ಕಂಡುಬಂತು. ಮುದುಕರಿಗೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ, ಕೂಸುಗಳು ಹೇಳಿಕೊಳ್ಳಲಾರವು, ಹೃದಯದ, ಮೂತ್ರಪಿಂಡದ ತೊಂದರೆ ಇರುವವರ ಮೈ ಕಾವನ್ನು ಹೊರಹಾಕಲು ಹೆಣಗುತ್ತದೆ. ಕೆಲವು ಔಷಧಗಳಿಂದಲೂ ಬೆವರುವಿಕೆ ಕುಗ್ಗುತ್ತದೆ, ಹೀಗಾಗಿ ನಿತ್ಯ ಔಷಧ ತೆಗೆದುಕೊಳ್ಳುವವರು ಬೇಸಿಗೆಗೆ ಮೊದಲೇ ವೈದ್ಯರನ್ನು ಕೇಳಿಕೊಳ್ಳಬೇಕು.

ಮನೆಯಲ್ಲಿ ಇಂಥವರಿದ್ದರೆ ಎಲ್ಲಕ್ಕಿಂತ ತಂಪಾದ ಕೋಣೆಯನ್ನು ಅವರಿಗೇ ಬಿಟ್ಟುಕೊಡಬೇಕು. ಅದು ಹೆಚ್ಚಾಗಿ ಕೆಳಗಿನ ಅಂತಸ್ತಿನ, ಪಡುವಣ ಗೋಡೆಯಿಲ್ಲದ ಕೋಣೆಯಾಗಿರುತ್ತದೆ. ವಾಸದ ಕೋಣೆಯ ಉಷ್ಣತೆ ಹಗಲು 32, ರಾತ್ರಿ 24 ಡಿಗ್ರಿಯೊಳಗೆ ಇರುವಂತೆ ಪ್ರಯತ್ನಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಾತ್ರಿಯ ಅಂಕಿಯನ್ನು ಮುಟ್ಟುವುದು ಎಷ್ಟೋ ಕಡೆ ಕಷ್ಟವಾದರೂ ಆ ದಿಕ್ಕಿನಲ್ಲಿ ಇಳಿಸಿದ ಪ್ರತಿ ಡಿಗ್ರಿಯೂ ಉಪಕಾರಿಯೇ. ಮೈಗೆ ಅಂಟಿ ಕಾವು ಹಿಡಿಯುವ ಫೋಮ್ ಹಾಸಿಗೆಯ ಬದಲು ಹತ್ತಿಯ ತೆಳು ಹಾಸಿಗೆ, ಕತ್ತಿನ ಮೇಲೊಂದು ಒದ್ದೆ ಬಟ್ಟೆ, ಕಾಲಿಗೆ ಬಕೆಟ್ಟಿನ ತಣ್ಣೀರು, ಇವು ವಿದ್ಯುತ್ತು ಹೋದಾಗಲೂ ಕೈಗೆ ಸಿಗುವ ಉಪಾಯಗಳು. ಏನು ಮಾಡಿದರೂ ಮನೆ ತಣಿಯದ ದಿನ ಅವರನ್ನು ಎರಡು ಮೂರು ಗಂಟೆಯಾದರೂ ಬೇರೊಂದು ತಂಪಾದ ಕಟ್ಟಡಕ್ಕೆ ಕರೆದೊಯ್ಯಬೇಕು.

ತಲೆಸುತ್ತು, ವಾಕರಿಕೆ, ಸ್ನಾಯುಸೆಳೆತ, ವಿಪರೀತ ಸುಸ್ತು ಕಂಡರೆ ಕೂಡಲೇ ನೆರಳಿನಲ್ಲಿ ಮಲಗಿಸಿ ಗುಟುಕು ಗುಟುಕಾಗಿ ನೀರು ಕುಡಿಸಬೇಕು. ಮೈ 40 ಡಿಗ್ರಿಗಿಂತ ಹೆಚ್ಚು ಸುಡುತ್ತಿದ್ದು, ಮಾತು ತೊದಲುತ್ತಾ ಗೊಂದಲಕ್ಕೆ ಒಳಗಾದರೆ ಅಥವಾ ಎಚ್ಚರ ತಪ್ಪಿದರೆ ಅದು ಪ್ರಾಣಕ್ಕೆ ಎರವಾಗುವ ಉಷ್ಣಾಘಾತ. ತಡಮಾಡದೆ ಆಂಬ್ಯುಲೆನ್ಸ್ ಕರೆಸಿ, ಅದು ಬರುವವರೆಗೆ ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಬೀಸುತ್ತಿರಬೇಕು, ಕಂಕುಳಿಗೂ ಕತ್ತಿಗೂ ತಣ್ಣೀರಿನ ಬಟ್ಟೆ ಇಡಬೇಕು. ಎಚ್ಚರ ತಪ್ಪಿದವರನ್ನು ಒಂದು ಮಗ್ಗುಲಿಗೆ ಮಲಗಿಸಬೇಕು. ಬಾಯಿಗೆ ನೀರು ಹಾಕಕೂಡದು.